ಹದಿನೈದರಲ್ಲಿ ಹನ್ನೆರಡು

ಊರಿನಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಬ್ರೇಕ್ ಟೀಚರಮ್ಮ. ಉಳಿದರ್ಧ ಜನ ಅವರ ಬೈಗುಳಕ್ಕೆ ಹೆದರಿ ಬೇರೆ ಕಡೆ ಕಲಿತವರು. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸರಿಯಾಗಿಯೇ ಇಟ್ಟಿದ್ದಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದಲ್ಲ, ಮೂವತ್ತಾರು ವರ್ಷದಿಂದ ಆ ಬ್ರೇಕಿನ ಮೇಲೆ ಟೀಚರಮ್ಮನ ಬಲಗಾಲು ಕಾವಲು ಕೂತಿದೆ. ಎದುರಿಗೆ ನಾಯಿ ಬರಲಿ, ಲಾರಿ ಬರಲಿ, ಕಲಿಯುವವನ ಕಾಲಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಟೀಚರಮ್ಮನ ಕಾಲು ಕೆಲಸ ಮುಗಿಸಿರುತ್ತಿತ್ತು. ಆಮೇಲೆ ಬಾಯಿ ಶುರುವಾಗುತ್ತಿತ್ತು.

ಅವರಿಗೆ ಮೈಯೆಲ್ಲ ಉರಿಯುವಂತೆ ಮಾಡುವ ಪ್ರಶ್ನೆ ಒಂದೇ ಒಂದು.

"ಟೀಚರ್, ಟೆಸ್ಟ್ ಗ್ರೌಂಡಲ್ಲಿ ಎಲ್ಲಿ ಬಂದಾಗ ಸ್ಟಿಯರಿಂಗ್ ತಿರುಗಿಸ್ಬೇಕು? ಗೋಡೆ ಮೇಲೆ ಬಿಳಿ ಗುರುತು ಇದೆಯಂತಲ್ಲ?"

ಹೀಗೆ ಕೇಳಿದವನ ಗತಿ ಮುಗಿಯಿತು. "ಊರಿನ ಗೋಡೆಗೆಲ್ಲ ನಿನಗೋಸ್ಕರ ಬಿಳಿ ಗುರುತು ಹಾಕಿಸ್ತಾರಾ? ಅದು ಕಲಿಯೋದಲ್ಲ ಕಣಯ್ಯಾ, ಕಾಪಿ ಹೊಡೆಯೋದು! ಗೊತ್ತಿಲ್ಲದ ರಸ್ತೆಯಲ್ಲಿ ಓಡಿಸಿ ತೋರಿಸು, ಆಗ ಒಪ್ಕೋತೀನಿ." ಬರೀ ಮಾತಲ್ಲ. ಟೆಸ್ಟಿನ ಹಿಂದಿನ ದಿನ ಪ್ರತಿಯೊಬ್ಬರನ್ನೂ ಅವರು ಹಿಂದೆಂದೂ ಹೋಗದ ರಸ್ತೆಗೆ ಕರೆದುಕೊಂಡು ಹೋಗಿ, ಸೀಟಿಗೆ ಒರಗಿ ಕೈಕಟ್ಟಿ ಕೂತು, "ಹೊರಡು" ಅನ್ನುತ್ತಿದ್ದರು. ಅಲ್ಲಿ ಗೆದ್ದವರು ಟೆಸ್ಟಿನಲ್ಲಿ ಸೋತದ್ದು ತೀರಾ ಕಡಿಮೆ.

ಇಂಥ ಟೀಚರಮ್ಮ ತಾವೇ ಏಳು ವರ್ಷದಿಂದ ಕಾಪಿ ಹೊಡೆಯುತ್ತಿದ್ದರು ಅಂದರೆ ಯಾರು ನಂಬುತ್ತಾರೆ ಹೇಳಿ.

ಆಗಿದ್ದು ಇಷ್ಟು. ಒಂಬತ್ತು ವರ್ಷದ ಹಿಂದೆ, ಅರವತ್ತೆರಡನೇ ವಯಸ್ಸಿನಲ್ಲಿ, ಅವರ ಬಲಮಂಡಿ ಕೈಕೊಟ್ಟಿತು. ಮಂಡಿ ಹೇಗೆ ಕೈ ಕೊಡುತ್ತದೆ ಎಂದು ಕೇಳಬೇಡಿ, ಕೊಟ್ಟಿತು. ಬ್ರೇಕಿನಿಂದ ಕಾಲೆತ್ತಿದರೆ ಮಂಡಿಯ ಒಳಬದಿಯಲ್ಲಿ ಗರಗಸ ಎಳೆದ ಹಾಗೆ ನೋವು. ಎಕ್ಸ್‌ರೇ ನೋಡಿದ ಡಾಕ್ಟರು, "ಒಳಗಡೆ ಭಾಗ ಮಾತ್ರ ಸವೆದಿದೆ, ಹೊರಗಡೆದು ಗಟ್ಟಿ ಇದೆ. ಇಡೀ ಮಂಡಿ ಬದಲಿಸೋದು ಬೇಡ, ಅರ್ಧ ಬದಲಿಸಿದರೆ ಸಾಕು" ಎಂದರು.

"ಕ್ಲಚ್ ಪ್ಲೇಟ್ ಮಾತ್ರ ಹೋಗಿದೆ, ಗೇರ್‌ಬಾಕ್ಸ್ ಚೆನ್ನಾಗಿದೆ ಅನ್ನಿ," ಎಂದರು ಟೀಚರಮ್ಮ.

"ಹಾಗೇ ಅಂದ್ಕೊಳ್ಳಿ."

"ಊರಿನವರ ಬ್ರೇಕೆಲ್ಲ ನಾನೇ ಹಾಕಿದ್ದೀನಿ ಡಾಕ್ಟ್ರೇ, ಸವೆಯದೆ ಇನ್ನೇನು ಮಾಡುತ್ತೆ ಪಾಪ."

ಆಪರೇಷನ್ ಆಯಿತು. ಕೆಲವು ತಿಂಗಳಲ್ಲಿ ನೋವೂ ಹೋಯಿತು. ಆದರೆ ಆ ಆಸ್ಪತ್ರೆಯವರಿಗೆ ಒಂದು ಪದ್ಧತಿ ಇತ್ತು. ಅರ್ಧ ಮಂಡಿ ಹಾಕಿಸಿಕೊಂಡ ವಯಸ್ಸಾದವರ ಕಾಲು ಐದು, ಹತ್ತು, ಹದಿನೈದು ವರ್ಷ ಕಳೆದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಪ್ರತಿ ವರ್ಷ ಕರೆಸಿ ಪರೀಕ್ಷೆ ಮಾಡುತ್ತಿದ್ದರು. ಕೈ ಎದೆಯ ಮೇಲಿಟ್ಟು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ, ಹನ್ನೊಂದು ಮೆಟ್ಟಿಲನ್ನು ಎಷ್ಟು ಹೊತ್ತಿನಲ್ಲಿ ಹತ್ತಿ ಇಳಿಯುತ್ತೀರಿ, ಇಷ್ಟೇ. ಅಂಕಗಳೆಲ್ಲ ಫೈಲಿಗೆ ಹೋಗುತ್ತಿದ್ದವು.

ಮೊದಲ ವರ್ಷ ಟೀಚರಮ್ಮನಿಗೆ ಬಂದದ್ದು ಒಂಬತ್ತು. ಅವರಿಗಿಂತ ಮುಂಚೆ ಒಬ್ಬ ಮುದುಕ ಊರುಗೋಲನ್ನು ಗೋಡೆಗೆ ಆನಿಸಿ ಬಂದು ಹದಿಮೂರು ಹೊಡೆದು, ನೀರು ಕುಡಿದು, ಟೀಚರಮ್ಮನ ಒಂಬತ್ತನ್ನು ಪೂರ್ತಿ ನೋಡಿ, "ಪರವಾಗಿಲ್ಲ ಬಿಡಮ್ಮ, ವಯಸ್ಸಾಯ್ತಲ್ಲ" ಎಂದಿದ್ದ. ಅವನಿಗೆ ಏನಿಲ್ಲವೆಂದರೂ ಟೀಚರಮ್ಮನಿಗಿಂತ ಎಂಟು ವರ್ಷ ಹೆಚ್ಚು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಮುಂದಿನ ವರ್ಷ ಪರೀಕ್ಷೆಗೆ ಆರು ವಾರ ಇರುವಾಗ, ಡಾಕ್ಟರು ಸಿಗುವ ಹೊತ್ತು ಕೇಳುವ ನೆಪದಲ್ಲಿ ಆಸ್ಪತ್ರೆಗೆ ಹೋದ ಟೀಚರಮ್ಮ, ಯಾರೂ ಇಲ್ಲದಾಗ ಬ್ಯಾಗಿನಿಂದ ಟೇಪು ತೆಗೆದು ಆ ಕುರ್ಚಿಯ ಎತ್ತರ ಅಳೆದುಕೊಂಡು ಬಂದರು. ಟೀಚರಮ್ಮನ ಯಜಮಾನರು ಗಡಿಯಾರ ರಿಪೇರಿ ಮಾಡಿ ಬಾಳಿದವರು. ಸಣ್ಣ ಸ್ಕ್ರೂ ಈಗ ಕಣ್ಣಿಗೆ ಕಾಣದು, ಕೈ ಮಾತ್ರ ಅಲುಗದು. ಅಡುಗೆಮನೆಯ ಒಂದು ಹಳೇ ಕುರ್ಚಿಯ ನಾಲ್ಕು ಕಾಲನ್ನೂ ಗರಗಸದಿಂದ ಕೊಯ್ದು, ಆಸ್ಪತ್ರೆಯ ಕುರ್ಚಿಗೂ ಅದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಮಾಡಿಕೊಟ್ಟರು. ನಿಲ್ಲಿಸು-ಓಡಿಸು ಗುಂಡಿಯ ಗಡಿಯಾರ ಹಿಡಿದು ಒಲೆಯ ಪಕ್ಕ ನಿಂತರು. ಪೂರ್ತಿ ಕೂರದೆ ಸೀಟಿಗೆ ಸುಮ್ಮನೆ ತಗುಲಿಸಿ ಎದ್ದರೆ ಹೊತ್ತು ಉಳಿಯುತ್ತದೆ ಎಂದು ಟೀಚರಮ್ಮ ಕಂಡುಕೊಂಡರು. ಊರಿನ ವಾಚನಾಲಯದ ಹಿಂಬಾಗಿಲ ಮೆಟ್ಟಿಲು ಆಸ್ಪತ್ರೆಯ ಮೆಟ್ಟಿಲಿನಷ್ಟೇ ಎತ್ತರ ಎಂದೂ ಕಂಡುಕೊಂಡರು. ಹನ್ನೊಂದನೆಯ ಮೆಟ್ಟಿಲಿನ ಅಂಚಿಗೆ ಒಂದು ಬಿಳಿ ಟೇಪು ಅಂಟಿಸಿದರು.

ಹೌದು, ಬಿಳಿ. ಅಂಟಿಸುವಾಗ ಅವರಿಗೇ ನಾಚಿಕೆಯಾಯಿತು, ಆದರೂ ಅಂಟಿಸಿದರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದರು ಯಜಮಾನರು.

"ನೀವು ಗಡಿಯಾರ ನೋಡ್ರಿ, ನನ್ನ ಮುಖ ಯಾಕೆ ನೋಡ್ತೀರ."

ಆ ವರ್ಷ ಹದಿನಾಲ್ಕು ಬಂತು. ಅದರ ಮುಂದಿನ ವರ್ಷ ಹದಿನೈದು. ಆಮೇಲೆ ಪ್ರತಿ ವರ್ಷವೂ ಹದಿನೈದೇ. ಡಾಕ್ಟರು ಆ ಫೈಲನ್ನು ಬೇರೆಯವರಿಗೆಲ್ಲ ಬಿಚ್ಚಿ ತೋರಿಸತೊಡಗಿದರು. ಯಾರಾದರೂ ಟೀಚರಮ್ಮನ ಎದುರಿಗೆ ಅವರ ಕಾಲನ್ನು ಹೊಗಳಿದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವ ಹಾಗೆ ಅವರು ತಕ್ಷಣ ಮಾತನ್ನು ಟೈರಿನ ಗಾಳಿಯ ಕಡೆಗೆ ತಿರುಗಿಸುತ್ತಿದ್ದರು. ಹೊಗಳಿಕೆ ಅವರಿಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಅದನ್ನು ತೆಗೆದುಕೊಳ್ಳಲು ಕೈ ಬರುತ್ತಿರಲಿಲ್ಲ.

ಈ ವರ್ಷ ಲೈಸೆನ್ಸ್ ಕಚೇರಿಯಿಂದ ಒಂದು ಕಾಗದ ಬಂತು. ಎಪ್ಪತ್ತು ದಾಟಿದ, ಕಾಲಿನ ಕೀಲಿಗೆ ಆಪರೇಷನ್ ಆದ ಡ್ರೈವಿಂಗ್ ಶಿಕ್ಷಕರು ತಿಂಗಳ ಕೊನೆಯೊಳಗೆ ಆಸ್ಪತ್ರೆಯಿಂದ ಪತ್ರ ತರಬೇಕು. ಯಾರ ಸಹಾಯವೂ ಇಲ್ಲದೆ ಮೆಟ್ಟಿಲು ಹತ್ತಬಲ್ಲರು, ಅರ್ಧ ನಿಮಿಷದಲ್ಲಿ ಕಡೇಪಕ್ಷ ಹತ್ತು ಸಲ ಎದ್ದು ಕೂರಬಲ್ಲರು ಎಂದು ಅದರಲ್ಲಿರಬೇಕು. ತರದಿದ್ದರೆ ಕಲಿಸುವ ಪರವಾನಗಿ ರದ್ದು.

"ಹತ್ತು ತಾನೇ? ನಿನ್ನದು ಹದಿನೈದು. ಹೋಗಿ ಎದ್ದು ಕೂತು, ಸಹಿ ಹಾಕಿಸ್ಕೊಂಡು ಬಾ," ಎಂದರು ಯಜಮಾನರು.

ಟೀಚರಮ್ಮ ಕಾಗದವನ್ನು ಎರಡನೇ ಸಲ ಓದಿದರು. "ಆ ಹದಿನೈದು ನನ್ನದಲ್ಲರೀ. ನಾನು ನ್ಯಾಯವಾಗಿ ತಗೊಂಡ ಅಂಕ ಜೀವಮಾನದಲ್ಲಿ ಒಂದೇ. ಒಂಬತ್ತು."

"ಅದು ಆಗಿನ ಮಾತು."

"ಆಗ ನನಗೆ ಅರವತ್ತಮೂರು. ಈಗ ಎಪ್ಪತ್ತೊಂದು. ಕಾಲಿಗೆ ವಯಸ್ಸು ಕಮ್ಮಿಯಾಗ್ತಾ ಬರುತ್ತಾ?"

ಟೀಚರಮ್ಮ ಕಾಗದ ಮಡಿಸಿ ಬ್ಯಾಗಿನಲ್ಲಿಟ್ಟರು. ಆ ಸೀಟು ಬಿಟ್ಟರೆ ತಾನು ಯಾರು ಎಂದು ಅವರು ಒಂದು ಕ್ಷಣ ಯೋಚಿಸಿದರು. ಮೂವತ್ತಾರು ವರ್ಷ ಬ್ರೇಕಿನ ಮೇಲೆ ಕಾಲಿಟ್ಟು ಕೂತವಳು ಇನ್ನು ಕಿಟಕಿ ಪಕ್ಕ ಕೂತು ಬೀದಿಯಲ್ಲಿ ಹೋಗುವ ಕಾರುಗಳ ಗೇರು ತಪ್ಪು ಎಂದು ಗೊಣಗುವುದಷ್ಟೇ.

ಆಸ್ಪತ್ರೆಗೆ ಹೋದ ದಿನ ಇಬ್ಬರೂ ಕಾಲಿಟ್ಟ ಕೂಡಲೇ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಪರೀಕ್ಷೆಯ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಬಾಗಿಲಲ್ಲಿ ಏಣಿ, ಏಣಿಯ ಮೇಲೆ ಪೇಂಟರು, ಏಣಿಯ ಕೆಳಗೆ ಚುಕ್ಕೆ ಚುಕ್ಕೆ ಬಟ್ಟೆ ಹೊದ್ದು ಕೂತ ಆ ಕುರ್ಚಿ. ಹನ್ನೊಂದು ಮೆಟ್ಟಿಲಿಗೂ ಹಗ್ಗ ಕಟ್ಟಿ ದಾರಿ ಮುಚ್ಚಿದ್ದರು.

ಹೊರಗಿನ ಬೆಂಚಿನಲ್ಲಿ ದಪ್ಪ ತೋಳಿನ ಒಬ್ಬರು ಎಡಗಾಲು ಚಾಚಿಕೊಂಡು ಕೂತಿದ್ದರು. ಬೇಕರಿಯವರಂತೆ, ನಲವತ್ತು ವರ್ಷ ಒಲೆಯ ಮುಂದೆ ನಿಂತು ಮಂಡಿ ಕಳೆದುಕೊಂಡವರಂತೆ. ಬೆಂಚಿಗೆ ಬಂದು ಕೂತ ಎರಡೇ ನಿಮಿಷದಲ್ಲಿ ಟೀಚರಮ್ಮನಿಗೆ ಇಷ್ಟೂ ಗೊತ್ತಾಗಿಹೋಯಿತು.

ಅಷ್ಟರಲ್ಲಿ ಫೈಲು ಹಿಡಿದು ಹೊಸ ಫಿಸಿಯೋ ಹುಡುಗಿ ಬಂದಳು. ಬಂದವಳೇ, "ಟೀಚರ್! ನನ್ನ ಗುರುತು ಸಿಗ್ಲಿಲ್ವಾ? ಎದುರಿಗೆ ಸೈಕಲ್ ಬಂದ್ರೆ ಕಣ್ಣು ಮುಚ್ಕೊಂಡುಬಿಡ್ತಿದ್ದೆನಲ್ಲ" ಎಂದಳು.

"ಅಯ್ಯೋ, ನೀನೇನೇ! ಆರು ವರ್ಷ ಆಯ್ತಲ್ಲೇ. ಈಗಾದ್ರೂ ಕಣ್ಣು ಬಿಟ್ಟು ಓಡಿಸ್ತೀಯಾ?"

"ಒಂದು ಕಣ್ಣು ಬಿಡ್ತೀನಿ ಟೀಚರ್," ಎಂದು ನಕ್ಕು, ಅವಳು ಬೆಂಚಿನ ತುದಿಗೆ ಕೂತು ಫೈಲು ತೆರೆದಳು. ಬೆರಳು ಪುಟದ ಮೇಲಿಂದ ಕೆಳಗೆ ಇಳಿಯಿತು. "ಒಂಬತ್ತು, ಹದಿನಾಲ್ಕು, ಹದಿನೈದು, ಹದಿನೈದು, ಹದಿನೈದು... ಅಬ್ಬಬ್ಬಾ! ಈ ಫೈಲಿನ ವಿಷಯ ನಾನು ಸೇರಿದ ದಿನವೇ ಕೇಳಿದ್ದೆ. ನಿಮ್ಮದು ಅಂತ ಗೊತ್ತಿರ್ಲಿಲ್ಲ."

ಬೇಕರಿಯವರು ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡು ನೆಟ್ಟಗೆ ಕೂತರು. "ಅರ್ಧ ಮಂಡಿ ಹಾಕಿಸಿ ಇಷ್ಟು ವರ್ಷ ಆದ ಮೇಲೂ ಹದಿನೈದಾ ಅಮ್ಮಾ? ನನಗೆ ಎರಡಾದ್ರೆ ಹೆಚ್ಚು. ಮಾಡಿಸ್ಲೋ ಬೇಡ್ವೋ ಅಂತ ನಾಲ್ಕು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮನ್ನ ನೋಡಿ ಧೈರ್ಯ ಬಂತು."

ಟೀಚರಮ್ಮ ಟೈರಿನ ವಿಷಯ ತೆಗೆಯಬೇಕೆಂದುಕೊಂಡರು. ಹುಡುಗಿ ಅದಕ್ಕೆ ಬಿಡುವು ಕೊಡಲಿಲ್ಲ.

"ಕೋಣೆ ನೋಡಿದ್ರಲ್ಲ, ಈ ವಾರ ಪೂರ್ತಿ ಹೀಗೇ. ನಿಮ್ಮ ಪತ್ರಕ್ಕೆ ತಿಂಗಳ ಕೊನೆ ಬೇರೆ ಬಂತು," ಎಂದು ಫಿಸಿಯೋ, ಟೀಚರಮ್ಮ ಕೊಟ್ಟಿದ್ದ ಲೈಸೆನ್ಸ್ ಕಚೇರಿಯ ಕಾಗದವನ್ನು ಫೈಲಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು. "ಇವರು ಕೇಳೋದು ಹತ್ತು. ನಿಮ್ಮದು ವರ್ಷ ವರ್ಷವೂ ಹದಿನೈದು. ಇನ್ನು ನೋಡೋದೇನಿದೆ? ಹಳೇದು ನೋಡಿ ಬರೆದುಕೊಟ್ಟುಬಿಡ್ತೀನಿ."

ಯಜಮಾನರ ಮುಖ ಅರಳಿತು. ಹೆಂಡತಿಯ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹುಡುಗಿಯ ಪೆನ್ನು ಕಾಗದಕ್ಕೆ ತಾಗಿತು. ಇನ್ನು ನಾಲ್ಕು ಅಕ್ಷರ ಬರೆದರೆ ಟೀಚರಮ್ಮನ ಸೀಟು ಟೀಚರಮ್ಮನಿಗೆ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆಕೆಗೆ ಸುಮ್ಮನಿರಲು ಬಂದಿದ್ದರೆ ಊರಿನವರು ಬೇರೆ ಹೆಸರಿಡುತ್ತಿದ್ದರು. ಮೂವತ್ತಾರು ವರ್ಷದ ಸಿಟ್ಟು ಬುದ್ಧಿಗಿಂತ ಮೊದಲೇ ನಾಲಿಗೆಗೆ ಬಂದುಬಿಟ್ಟಿತು.

"ನೋಡದೆ ಸಹಿ ಹಾಕ್ತೀಯೇನೇ? ಇದನ್ನೇನಾ ನಾನು ಕಲಿಸಿದ್ದು? ಕನ್ನಡಿ ನೋಡದೆ ಹಿಂದಕ್ಕೆ ತಗೊಂಡ ಹಾಗಾಯ್ತು! ನಾಳೆ ಯಾವುದೋ ಮಗು ರಸ್ತೆಗೆ ಓಡಿ ಬಂದು, ನನ್ನ ಕಾಲು ಬ್ರೇಕ್ ಒತ್ತದೇ ಇದ್ರೆ, ಆಗ ಈ ಸಹಿ ಹೋಗಿ ಬ್ರೇಕ್ ಹಾಕುತ್ತಾ?"

"ಆದ್ರೆ ಟೀಚರ್, ನಿಮ್ಮ ಹದಿನೈದು..."

"ಹದಿನೈದೂ ಇಲ್ಲ, ಹಾಳೂ ಇಲ್ಲ. ಕಾಪಿ ಹೊಡೆದಿದ್ದೀನಿ."

ಏಣಿಯ ಮೇಲಿದ್ದ ಪೇಂಟರು ಬ್ರಷ್ಷು ನಿಲ್ಲಿಸಿ ಕೆಳಗೆ ನೋಡಿದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ಟೀಚರಮ್ಮ ಎಲ್ಲವನ್ನೂ ಹೇಳಿದರು, ಅಳೆದ ಟೇಪು, ಕೊಯ್ದ ಕುರ್ಚಿ, ವಾಚನಾಲಯದ ಮೆಟ್ಟಿಲು, ತಗುಲಿಸಿ ಏಳುವ ಉಪಾಯ, ಯಾವುದನ್ನೂ ಬಿಡಲಿಲ್ಲ. ತಮ್ಮ ವಿದ್ಯಾರ್ಥಿನಿಯ ಎದುರಿಗೆ, ಮೂರನೆಯವರ ಎದುರಿಗೆ, ತಲೆ ತಗ್ಗಿಸದೆ ಹೇಳಿದರು. ತಗ್ಗಿಸಿದರೆ ಮತ್ತೆ ಎತ್ತಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಬೇಕರಿಯವರ ಕಡೆ ತಿರುಗಿ, "ನನ್ನ ಅಂಕ ನಂಬ್ಕೊಂಡು ನೀವು ಮಂಡಿ ಕೊಯ್ಸ್ಕೋಬೇಡಿ" ಎಂದರು.

ಫಿಸಿಯೋ ಪೆನ್ನಿಗೆ ಮುಚ್ಚಳ ಹಾಕಿದಳು. ಬೈಯಲಿಲ್ಲ, ನಗಲೂ ಇಲ್ಲ. "ವರ್ಷಕ್ಕೆ ಎಷ್ಟು ವಾರ ಅಭ್ಯಾಸ ಮಾಡ್ತಿದ್ರಿ?" ಎಂದು ಕೇಳಿದಳು.

"ಮೊದಲು ಆರು ವಾರ."

"ಆಮೇಲೆ?"

ಯಜಮಾನರೇ ಹೇಳಿದರು. "ಆಮೇಲೆ ವರ್ಷ ಪೂರ್ತಿ ಕಣಮ್ಮಾ. ಮಧ್ಯ ಬಿಟ್ರೆ ಅಂಕ ಇಳಿದು ಸಿಕ್ಕಿಬೀಳ್ತೀನಿ ಅಂತ ಭಯ ಇವಳಿಗೆ. ಬೆಳಗ್ಗೆ ಅಡುಗೆಮನೆಯಲ್ಲಿ ಕುರ್ಚಿ, ಸಾಯಂಕಾಲ ವಾಚನಾಲಯ. ಜ್ವರ ಬಂದಾಗಲೂ ಬಿಡ್ಲಿಲ್ಲ. ನನ್ನ ಕೈ ಗಡಿಯಾರ ಹಿಡಿದು ಹಿಡಿದು ಜೋಮು ಹಿಡಿದಿದೆ."

"ಏಳು ವರ್ಷ?"

"ಏಳು ವರ್ಷ."

ಹುಡುಗಿ ಎದ್ದು ನಿಂತಳು. "ಟೀಚರ್, ಟೆಸ್ಟಿನ ಹಿಂದಿನ ದಿನ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ, ನೆನಪಿದೆಯಾ?"

"ಗೊತ್ತಿಲ್ಲದ ರಸ್ತೆಗೆ."

"ಏಳಿ ಹಾಗಾದ್ರೆ. ಹತ್ತು ಬಂದ್ರೆ ಬರೆದುಕೊಡ್ತೀನಿ. ಬರದೇ ಇದ್ರೆ ಕೊಡಲ್ಲ. ಬೇಜಾರು ಮಾಡ್ಕೋಬಾರದು."

"ಮಾಡ್ಕೋತೀನಿ," ಎಂದರು ಟೀಚರಮ್ಮ, "ಆದ್ರೂ ಬಾ."

ಆಸ್ಪತ್ರೆಯ ಹಿಂದೆ ವಾಹನ ನಿಲ್ಲಿಸಲು ಆರು ಮಹಡಿಯ ಹೊಸ ಕಟ್ಟಡ ಎದ್ದಿತ್ತು. ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ, ಟೀಚರಮ್ಮ ಒಳಗೆ ಕಾಲಿಟ್ಟಿರಲಿಲ್ಲ. ಯಜಮಾನರೂ ಬೇಕರಿಯವರೂ ಲಿಫ್ಟಿನ ಸಾಲಿನಲ್ಲಿ ನಿಂತರು. ಬೇಕರಿಯವರಿಗೆ ಅಲ್ಲೇನೂ ಕೆಲಸವಿರಲಿಲ್ಲ, ಆದರೂ ಕುಂಟುತ್ತಾ ಬಂದಿದ್ದರು. ಹೆಂಗಸರಿಬ್ಬರೂ ಮೆಟ್ಟಿಲಿನ ಬಾಗಿಲು ತಳ್ಳಿದರು.

ಒಳಗೆ ಸಿಮೆಂಟಿನ ತಣ್ಣನೆ ಗಾಳಿ. ಹಿಡಿಕೆ ಬಲಗಡೆಗೆ ಮಾತ್ರ ಇತ್ತು. ಟೀಚರಮ್ಮನ ಅಭ್ಯಾಸವೆಲ್ಲ ಎಡಗಡೆಯದು. ಮೊದಲ ಮಹಡಿಗೆ ಹತ್ತುವಾಗ ಅವರು ರೂಢಿಯಂತೆ ಎಣಿಸತೊಡಗಿದರು. ಒಂಬತ್ತು ಮೆಟ್ಟಿಲಿಗೆ ತಿರುವು ಬಂತು. ಮುಂದಿನದು ಹನ್ನೆರಡು. ಅದರ ಮುಂದಿನದು ಏಳು. ಕೆಲವು ಮೆಟ್ಟಿಲು ಗೇಣೆತ್ತರ, ಕೆಲವು ಅದಕ್ಕಿಂತ ಕಡಿಮೆ, ಕಟ್ಟಿದವನಿಗೆ ಅಳತೆ ಅನ್ನುವುದೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬಾಯಿಪಾಠ ಮಾಡಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಎರಡನೇ ಮಹಡಿಯಲ್ಲಿ ಒಮ್ಮೆ ಕಾಲಿನ ತುದಿ ಎಡವಿ ಜೀವ ಬಾಯಿಗೆ ಬಂತು. ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, ಒಂದು ಉಸಿರು ಬಿಟ್ಟು, ಎಣಿಸುವುದನ್ನೇ ಬಿಟ್ಟುಬಿಟ್ಟರು.

ಎಣಿಕೆ ಬಿಟ್ಟ ಮೇಲೆ ಕಾಲಿನ ಕಡೆ ಗಮನ ಹೋಯಿತು. ಬಲಗಾಲು ಏರುತ್ತಿತ್ತು. ಎತ್ತರದ ಮೆಟ್ಟಿಲಾದರೆ ಸ್ವಲ್ಪ ಹೆಚ್ಚು ಎತ್ತಿ, ತಗ್ಗಿನದಾದರೆ ಸ್ವಲ್ಪ ಕಡಿಮೆ ಎತ್ತಿ, ಯಾರೂ ಹೇಳಿಕೊಡದೆ ತನ್ನಷ್ಟಕ್ಕೆ ತಾನು ಏರುತ್ತಿತ್ತು. ಮಂಡಿಯ ಮೇಲಿನ ತೊಡೆ ಕಲ್ಲಿನಂತೆ ಬಿಗಿದು ಮೈಯನ್ನು ಮೇಲಕ್ಕೆ ನೂಕುತ್ತಿತ್ತು. ಕುಯ್ಯೋ ಮುರ್ರೋ ಎನ್ನುತ್ತಿದ್ದದ್ದು ಎಡಗಾಲು, ಹುಟ್ಟಿದಾಗಿನಿಂದ ಜೊತೆಗಿರುವ ಸ್ವಂತ ಕಾಲು! ಟೀಚರಮ್ಮನಿಗೆ ಅಷ್ಟು ಏದುಸಿರಿನಲ್ಲೂ ನಗು ಬಂತು.

ನಾಲ್ಕನೇ ಮಹಡಿಯಲ್ಲಿ ಹಿಂದಿನಿಂದ ಸದ್ದು ಬರುವುದು ನಿಂತಿತು. ತಿರುಗಿ ನೋಡಿದರೆ ಫಿಸಿಯೋ ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದಳು.

"ಏನೇ, ಎಂಜಿನ್ ಬಿಸಿಯಾಯ್ತಾ?"

"ಒಂದೇ ನಿಮಿಷ ಟೀಚರ್."

"ಸುಧಾರಿಸ್ಕೊಂಡೇ ಬಾ, ಪರವಾಗಿಲ್ಲ. ವಯಸ್ಸಾಯ್ತಲ್ಲ," ಎಂದು ಟೀಚರಮ್ಮ ಮುಂದೆ ಹೊರಟರು.

ಆರನೇ ಮಹಡಿ ತೆರೆದ ತಾರಸಿ. ಹತ್ತಿಪ್ಪತ್ತು ಕಾರುಗಳು ಬಿಸಿಲಿಗೆ ಬೆನ್ನೊಡ್ಡಿ ನಿಂತಿದ್ದವು. ಲಿಫ್ಟಿನ ಬಾಗಿಲ ಪಕ್ಕ ಕಾಯುವವರಿಗೆಂದು ಕಟ್ಟಿದ ಸಿಮೆಂಟಿನ ಕಟ್ಟೆಯೊಂದಿತ್ತು. ಯಜಮಾನರೂ ಬೇಕರಿಯವರೂ ಆಗಲೇ ಬಂದು ಅದರ ಮೇಲೆ ಕೂತಿದ್ದರು. ಏದುಸಿರು ಬಿಡುತ್ತಾ ಮೇಲೆ ಬಂದ ಹುಡುಗಿ ಇಬ್ಬರನ್ನೂ ಎಬ್ಬಿಸಿ ಗೇಣು ಹಾಕಿ ಕಟ್ಟೆಯನ್ನು ಅಳೆದಳು.

"ನಮ್ಮ ಕುರ್ಚಿಗಿಂತ ಎರಡು ಬೆರಳು ತಗ್ಗು. ಕಷ್ಟ ಆಗುತ್ತೆ ಟೀಚರ್. ಬೇರೆ ಕಡೆ ನೋಡೋಣ್ವಾ?"

"ರಸ್ತೆ ಚೆನ್ನಾಗಿಲ್ಲ ಅಂದವರನ್ನ ನಾನು ಯಾವತ್ತಾದ್ರೂ ಬಿಟ್ಟಿದ್ದೀನಾ?"

"ಇಲ್ಲ."

"ಮತ್ತೆ?"

ಐದು ನಿಮಿಷ ಸುಧಾರಿಸಿಕೊಂಡ ಮೇಲೆ ಟೀಚರಮ್ಮ ಕಟ್ಟೆಯ ಮೇಲೆ ಕೂತು ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿದರು. ಗಡಿಯಾರ ಈ ಸಲ ಹುಡುಗಿಯ ಫೋನಿನಲ್ಲಿ. ಬರಿಗೈಯಲ್ಲಿ ಏನು ಮಾಡಬೇಕೆಂದು ತೋಚದೆ ಯಜಮಾನರು ಬೇಕರಿಯವರ ತೋಳು ಹಿಡಿದುಕೊಂಡರು.

"ಪೂರ್ತಿ ಕೂರ್ಬೇಕು, ಪೂರ್ತಿ ನಿಲ್ಬೇಕು. ತಗುಲಿಸಿ ಎದ್ರೆ ಲೆಕ್ಕಕ್ಕಿಲ್ಲ. ಶುರು!"

ಮೊದಲನೆಯದಕ್ಕೇ ಟೀಚರಮ್ಮನಿಗೆ ವ್ಯತ್ಯಾಸ ತಿಳಿಯಿತು. ತಗ್ಗಿನಲ್ಲಿ ಪೂರ್ತಿ ಕೂತರೆ ಮೈಯ ಭಾರವೆಲ್ಲ ಕಟ್ಟೆಗೆ ಹೋಗಿ ಬಿದ್ದಿರುತ್ತದೆ, ಅದನ್ನು ಪ್ರತಿ ಸಲವೂ ಮತ್ತೆ ಹೆಕ್ಕಿ ಎತ್ತಬೇಕು. ನಾಲ್ಕು. ಐದು. ಬಿಸಿಲಿಗೆ ಕಾದ ಕಟ್ಟೆ ತೊಡೆಯನ್ನು ಸುಟ್ಟಿತು. ಆರಕ್ಕೆ ಎಡಗಾಲು ನಡುಗಿತು, ಬಲಗಾಲು ಹೆಚ್ಚು ಭಾರ ಹೊತ್ತುಕೊಂಡಿತು. ಎಂಟು. ಒಂಬತ್ತು.

ಒಂಬತ್ತಕ್ಕೆ ಕೂತಾಗ ಅವರಿಗೆ ಆ ಹಳೇ ದಿನ ನೆನಪಾಯಿತು. ಇಲ್ಲಿಗೇ ನಿಂತಿದ್ದೆ. ಇದೇ ನನ್ನ ನಿಜವಾದ ಅಂಕ, ಇನ್ನು ಏಳಲು ಆಗುವುದಿಲ್ಲ ಎಂದುಕೊಂಡರು. ಅಂದುಕೊಳ್ಳುವಷ್ಟರಲ್ಲಿ ಕಾಲು ಎದ್ದು ನಿಂತಿತ್ತು.

"ಹತ್ತು!" ಎಂದು ಕೂಗಿದ್ದು ಹುಡುಗಿಯಲ್ಲ, ಬೇಕರಿಯವರು.

ಹನ್ನೊಂದು. ಹನ್ನೆರಡು. ಹದಿಮೂರಕ್ಕೆ ಅರ್ಧ ಎದ್ದಾಗ ಫೋನು ಕಿಣಿಕಿಣಿ ಎಂದಿತು. ಟೀಚರಮ್ಮ ದೊಪ್ಪನೆ ಕೂತರು.

"ಹನ್ನೆರಡು," ಎಂದಳು ಫಿಸಿಯೋ.

"ಸರಿಯಾಗಿ ಎಣಿಸಿದೆಯಾ? ಪಾಪ ಮುದುಕಿ ಅಂತ ಸೇರಿಸಿಲ್ಲ ತಾನೇ?"

"ನಾನೂ ಎಣಿಸಿದೆ," ಎಂದರು ಬೇಕರಿಯವರು. "ನಲವತ್ತು ವರ್ಷ ಬನ್ನು ಎಣಿಸಿ ಬೇಯಿಸಿದವನು ನಾನು. ತಪ್ಪಲ್ಲ. ಹನ್ನೆರಡು."

ಹುಡುಗಿ ತಾರಸಿಯ ಗೋಡೆಯ ಮೇಲೆ ಲೈಸೆನ್ಸ್ ಕಚೇರಿಯ ಕಾಗದವನ್ನಿಟ್ಟು, ಗಾಳಿಗೆ ಹಾರದಂತೆ ಮೊಣಕೈ ಊರಿ, ಆರು ಮಹಡಿ, ಹನ್ನೆರಡು ಸಲ ಎಂದು ಬರೆದು ಸಹಿ ಹಾಕಿದಳು. ಟೀಚರಮ್ಮ ಕಾಗದ ತೆಗೆದುಕೊಂಡರು, ಆದರೆ ಕಣ್ಣು ಫೈಲಿನ ಮೇಲಿತ್ತು.

"ಆ ಹಳೇ ಹದಿನೈದನ್ನೆಲ್ಲ ಹೊಡೆದುಹಾಕು. ಅವು ನನಗೆ ಬೇಡ."

"ಯಾಕೆ ಹೊಡೆದುಹಾಕ್ಲಿ? ಹೇಗೆ ಎದ್ದಿದ್ರಿ ಅಂತ ಪಕ್ಕದಲ್ಲಿ ಬರೀತೀನಿ, ಅದು ಸರಿ. ಆದ್ರೆ ಹದಿನೈದರಲ್ಲಿ ಕಾಪಿ ಮೂರೇ ಟೀಚರ್. ಹನ್ನೆರಡು ನಿಮ್ಮದು." ಅವಳು ಅವರ ಪಕ್ಕ ಕಟ್ಟೆಯ ಮೇಲೆ ಕೂತಳು. "ಗೋಡೆ ಮೇಲಿನ ಗುರುತು ನೋಡಿ ತಿರುಗಿಸಿದ್ರೆ ಕಾರು ಓಡಿಸೋಕೆ ಬರಲ್ಲ, ಸರಿ. ಆದ್ರೆ ಕಾಲು ಹಾಗಲ್ಲ. ದಿನಾ ಎದ್ದು ಕೂತು, ಎದ್ದು ಕೂತು, ಮೆಟ್ಟಿಲು ಹತ್ತಿ ಇಳಿದು... ಆಪರೇಷನ್ ಆದವರ ಹತ್ರ ನಾನು ಕೈ ಮುಗಿದು ಬೇಡ್ಕೊಳ್ಳೋದು ಇದನ್ನೇ. ನಾಲ್ಕು ತಿಂಗಳು ಮಾಡ್ತಾರೆ, ನೋವು ಹೋಯ್ತು ಅಂತ ಬಿಡ್ತಾರೆ. ನೀವು ಏಳು ವರ್ಷ ಬಿಡದೆ ಮಾಡಿದ್ದೀರಿ. ಕದ್ದು ಮಾಡಿದ್ರಿ, ಅಷ್ಟೇ."

ಟೀಚರಮ್ಮ ಕೂತಲ್ಲೇ ಲೆಕ್ಕ ಹಾಕಿದರು. ಏಳು ವರ್ಷ ಕದ್ದ ಮಾಲು ಎಂದು ಬಚ್ಚಿಟ್ಟುಕೊಂಡು, ಯಾರಾದರೂ ನೋಡಿಯಾರೆಂದು ಹೆದರಿ ಬದುಕಿದ್ದು, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ತನ್ನದೇ ಬೆವರು. ಅವರು ಬಲಗೈಯನ್ನು ಬಲಮಂಡಿಯ ಮೇಲಿಟ್ಟರು. ಬೆಚ್ಚಗಿತ್ತು. ಹೆಮ್ಮೆಯಾಯಿತು ಅವರಿಗೆ, ತುಂಬಾ ಹೆಮ್ಮೆಯಾಯಿತು, ಮತ್ತು ಈ ಸಲ ಅದನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ.

"ಒಂಬತ್ತರಿಂದ ಹನ್ನೆರಡು," ಎಂದರು ಯಜಮಾನರು. "ಎಂಟು ವರ್ಷ ವಯಸ್ಸು ಹೆಚ್ಚಾಗಿ, ಅಂಕವೂ ಮೂರು ಹೆಚ್ಚಾಯ್ತು. ಗಡಿಯಾರ ಹಿಂದಕ್ಕೆ ಓಡಿದ್ದನ್ನ ನಾನು ಇವತ್ತೇ ನೋಡಿದ್ದು ಕಣೇ."

"ಸುಮ್ನಿರ್ರೀ, ಜನ ಇದ್ದಾರೆ," ಎಂದು ಟೀಚರಮ್ಮ ಮೂಗು ಒರೆಸಿಕೊಂಡರು.

ಬೇಕರಿಯವರು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನಾನು ಮಾಡಿಸ್ಲೋ ಬೇಡ್ವೋ ಅಮ್ಮಾ?"

"ಅದನ್ನ ಡಾಕ್ಟ್ರನ್ನ ಕೇಳಿ. ಮಂಡಿ ಅವರು ಹಾಕ್ತಾರೆ, ಚೆನ್ನಾಗೇ ಹಾಕ್ತಾರೆ. ಆಮೇಲೆ ಕಾಲು ಮಾತ್ರ ನೀವೇ ಮಾಡ್ಕೋಬೇಕು. ವರ್ಷಗಟ್ಟಲೆ, ದಿನಾ. ಅದಕ್ಕೆ ತಯಾರಿದ್ರೆ ಮಾಡಿಸಿ."

"ನೀವು ಹೇಳಿಕೊಡ್ತೀರಾ?"

"ಬೈಸ್ಕೊಳ್ಳೋಕೆ ತಯಾರಿದ್ರೆ."

ಲಿಫ್ಟು ಬಂತು. ಯಜಮಾನರು ಒಳಗೆ ಹೋಗಿ ಬಾಗಿಲು ತಡೆಹಿಡಿದು ನಿಂತರು, ಬೇಕರಿಯವರು ಅವರ ಪಕ್ಕ ನಿಂತರು. ಫಿಸಿಯೋ ಫೈಲಿನ ಈ ವರ್ಷದ ಸಾಲಿನಲ್ಲಿ ಪೆನ್ನು ಊರಿ, "ಹದಿಮೂರನೇದು ಅರ್ಧಕ್ಕೆ ಬಂದಿತ್ತು ಟೀಚರ್. ಅದನ್ನೂ ಸೇರಿಸಿ ಹನ್ನೆರಡೂವರೆ ಅಂತ ಬರೀಲಾ?" ಎಂದು ಕಣ್ಣು ಮಿಟುಕಿಸಿದಳು.

"ಅರ್ಧಕ್ಕೆಲ್ಲ ಅಂಕ ಕೊಡಬಾರದು. ಹನ್ನೆರಡು ಅಂತ ಬರಿ," ಎಂದರು ಟೀಚರಮ್ಮ, ಕೈ ಊರದೆ ಕಟ್ಟೆಯಿಂದ ಎದ್ದು ನಿಂತು. "ಹದಿಮೂರನೇದನ್ನ ಮುಂದಿನ ವರ್ಷ ಪೂರ್ತಿ ಏಳ್ತೀನಿ."